ಗ್ಯಾಸ್ ಹೋಗಿದೆ ಸಾರ್!

"ಗ್ಯಾಸ್ ಹೋಗಿದೆ ಸಾರ್, ತುಂಬಿಸ್ಬೇಕು."

ಮನೆಯಲ್ಲಿ ಫ್ರಿಜ್ ಇರುವವರೆಲ್ಲ ಒಂದಲ್ಲ ಒಂದು ಸಲ ಕೇಳಿಸಿಕೊಂಡಿರುವ ಮಾತಿದು. ಹಾಲು ಒಡೆದಿರುತ್ತೆ, ದೋಸೆ ಹಿಟ್ಟು ಉಕ್ಕಿ ಪಾತ್ರೆಯಿಂದ ಇಣುಕುತ್ತಿರುತ್ತೆ. ಮೆಕ್ಯಾನಿಕ್ ಬರುತ್ತಾರೆ, ಫ್ರಿಜ್ಜಿನ ಹಿಂದೆ ಕೈಯಿಟ್ಟು ನೋಡುತ್ತಾರೆ, ಈ ವಾಕ್ಯ ಹೇಳುತ್ತಾರೆ. ನಾವು "ಎಷ್ಟಾಗುತ್ತೆ?" ಅಂತ ಕೇಳ್ತೀವಿ. "ಎಲ್ಲಿಗೆ ಹೋಯ್ತು?" ಅಂತ ಕೇಳೋದಿಲ್ಲ.

ಫ್ರಿಜ್ಜಿನ ಗ್ಯಾಸ್ ಪೆಟ್ರೋಲ್ ಥರ ಅಲ್ಲ, ಓಡಿದಷ್ಟೂ ಖರ್ಚಾಗಲ್ಲ. ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸ್ ಹತ್ತು ವರ್ಷ, ಇಪ್ಪತ್ತು ವರ್ಷ ಸುತ್ತುತ್ತಾ ಇರಬೇಕು. ಹೋಗಿದೆ ಅಂದರೆ ಎಲ್ಲೋ ಸೋರಿದೆ ಅಂತಲೇ ಅರ್ಥ. ಸೋರುವ ಜಾಗ ಹುಡುಕದೆ ಮತ್ತೆ ತುಂಬಿಸುವುದು, ಮೆಮೊರಿ ಲೀಕ್ ಹುಡುಕದೆ ಸರ್ವರ್ ರೀಸ್ಟಾರ್ಟ್ ಮಾಡಿದ ಹಾಗೆ. ಎರಡು ದಿನ ಚೆನ್ನಾಗಿ ಓಡುತ್ತೆ, ಆಮೇಲೆ ಮತ್ತದೇ ರಾಗ. ಸಾಫ್ಟ್‌ವೇರಿನವರಿಗೆ ಬಿಡಿಸಿ ಹೇಳಬೇಕಿಲ್ಲ :)

ಈ "ಎಲ್ಲಿಗೆ ಹೋಯ್ತು" ಅನ್ನೋ ಪ್ರಶ್ನೆ ಹಿಡ್ಕೊಂಡು ಕೆಲವು ತಿಂಗಳಿಂದ ಓದ್ತಾ ಇದ್ದೆ. ಮನೆ ಫ್ರಿಜ್ಜಿನ ಸುಮಾರು ನೂರು ವರ್ಷದ ಚರಿತ್ರೆಯೆಲ್ಲ ಈ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತೆ ಅಂತ ಈಗ ಅನ್ನಿಸ್ತಿದೆ. ಜನ ಒಂದು ಕಡೆಯ ಸೋರಿಕೆ ಮುಚ್ಚಿದರು, ಅದು ಇನ್ನೊಂದು ಕಡೆ ಹೊರಬಂತು. ಪ್ರತಿ ಸಲವೂ ರಿಪೇರಿ ಮಾಡುವವನ ಕೆಲಸ ಬದಲಾಯಿತು. ಆ ಕತೆಯನ್ನೇ ಇಲ್ಲಿ ಬರೆದಿದ್ದೇನೆ. ಸ್ವಲ್ಪ ಉದ್ದ ಇದೆ, ಕಾಫಿ ಮಾಡ್ಕೊಂಡು ಬಂದು ಓದಿ.

ಮೊದಲು ತಂಪಾಗುವುದು ಹೇಗೆ ಅಂತ ಎರಡು ಮಾತು. ಇಂಜೆಕ್ಷನ್ ಕೊಡುವ ಮುಂಚೆ ನರ್ಸ್ ತೋಳಿಗೆ ಸ್ಪಿರಿಟ್ ಹಚ್ಚಿದಾಗ ತಣ್ಣಗಾಗುತ್ತಲ್ಲ, ಅದೇ ತತ್ವ. ದ್ರವ ಆವಿಯಾಗುವಾಗ ಸುತ್ತಲಿನ ಶಾಖ ಹೀರಿಕೊಳ್ಳುತ್ತೆ. ಫ್ರಿಜ್ಜಿನಲ್ಲಿ ಆ ಆವಿಯನ್ನು ಬಿಟ್ಟುಬಿಡದೆ ಕಂಪ್ರೆಸರ್ ಹೀರಿ ಒತ್ತುತ್ತೆ, ಒತ್ತಿದ್ದರಿಂದ ಬಿಸಿಯಾದ ಗ್ಯಾಸ್ ಹಿಂದಿನ ಅಥವಾ ಪಕ್ಕದ ಕೊಳವೆಗಳಲ್ಲಿ ಹರಿದು ಶಾಖವನ್ನು ಅಡುಗೆಮನೆಗೆ ಬಿಡುತ್ತೆ, ತಣಿದು ದ್ರವವಾಗುತ್ತೆ. ಆ ದ್ರವ ಕ್ಯಾಪಿಲರಿ ಅನ್ನೋ ಕೂದಲಿನಂಥ ಸಣ್ಣ ಕೊಳವೆಯಲ್ಲಿ ನುಸುಳಿ ಒಳಗೆ ಹೋಗಿ ಮತ್ತೆ ಆವಿಯಾಗುತ್ತೆ. ಇಷ್ಟೇ. ಜೇಕಬ್ ಪರ್ಕಿನ್ಸ್ ಎಂಬಾತ 1834ರಲ್ಲಿ ಇಂಗ್ಲೆಂಡಿನಲ್ಲಿ ಈಥರ್ ಬಳಸಿ ಇಂಥ ಯಂತ್ರಕ್ಕೆ ಪೇಟೆಂಟ್ ಪಡೆದ. ಅಲ್ಲಿಂದ ಇಲ್ಲಿಯವರೆಗೆ ಮೂಲ ವಿಚಾರ ಬದಲಾಗಿಲ್ಲ.

ಆದರೆ ಪರ್ಕಿನ್ಸನ ಯಂತ್ರ ಮನೆಮನೆಗೆ ಬರಲು ಇನ್ನೂ ಸುಮಾರು ನೂರು ವರ್ಷ ಬೇಕಾಯಿತು. ಅಲ್ಲಿಯವರೆಗೆ ಇದ್ದದ್ದು ಐಸ್. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಕೆರೆಗಳಲ್ಲಿ ಹೆಪ್ಪುಗಟ್ಟಿದ ಮಂಜುಗಡ್ಡೆಯನ್ನು ಗರಗಸದಿಂದ ಕೊಯ್ಸಿ, ಮರದ ಪುಡಿಯಲ್ಲಿ ಮುಚ್ಚಿಸಿ ಹಡಗಿಗೆ ಹಾಕುತ್ತಿದ್ದ. 1833ರಲ್ಲಿ 'ಟಸ್ಕನಿ' ಅನ್ನೋ ಹಡಗಿನಲ್ಲಿ ಸುಮಾರು 180 ಟನ್ ಐಸ್ ಹೊರಟು, ನಾಲ್ಕು ತಿಂಗಳ ಪ್ರಯಾಣದ ನಂತರ ಸುಮಾರು 100 ಟನ್ ಕಲ್ಕತ್ತಾ ತಲುಪಿತು. ಚೆನ್ನೈ ಮರೀನಾ ಬೀಚ್ ಎದುರಿಗೆ ಈಗ ವಿವೇಕಾನಂದರ ಸ್ಮಾರಕ ಇದೆಯಲ್ಲ, ಆ ದುಂಡನೆಯ ಕಟ್ಟಡ 1842ರಲ್ಲಿ ಇದೇ ಅಮೆರಿಕದ ಐಸ್ ಇಡಲು ಕಟ್ಟಿಸಿದ್ದು. ಇವತ್ತಿಗೂ ಅಲ್ಲಿನವರು ಐಸ್ ಹೌಸ್ ಅಂತಲೇ ಕರೀತಾರೆ. ಐಸ್ ಪೆಟ್ಟಿಗೆಯಲ್ಲಿ ಸೋರುತ್ತಿದ್ದದ್ದು ಬರೀ ನೀರು. ಕೆಳಗಿಟ್ಟ ತಟ್ಟೆ ತುಂಬಿದರೆ ಚೆಲ್ಲಿದರಾಯ್ತು. ರಿಪೇರಿಗೆ ಬಡಗಿ ಸಾಕಿತ್ತು.

ಇಪ್ಪತ್ತನೇ ಶತಮಾನದ ಎರಡನೇ ದಶಕದಲ್ಲಿ ಅಮೆರಿಕದಲ್ಲಿ ಮನೆಗೆ ವಿದ್ಯುತ್ ಫ್ರಿಜ್ ಬಂತು. 1913ರಲ್ಲಿ ಶಿಕಾಗೋದಲ್ಲಿ 'ಡೊಮೆಲ್ರೆ' ಅನ್ನೋದು ಬಂತು, ಹಳೇ ಐಸ್ ಪೆಟ್ಟಿಗೆಯ ಮೇಲೆ ಕೂರಿಸುವ ಯಂತ್ರ. ಅದರ ಬೆನ್ನಿಗೆ ಕೆಲ್ವಿನೇಟರ್ (ವಿಜ್ಞಾನಿ ಲಾರ್ಡ್ ಕೆಲ್ವಿನ್ ಹೆಸರು), ಆಮೇಲೆ 1919ರಲ್ಲಿ ಜನರಲ್ ಮೋಟರ್ಸ್ ತೆಕ್ಕೆಗೆ ಬಂದ ಫ್ರಿಜಿಡೇರ್. ನನಗೆ ತಮಾಷೆ ಅನ್ನಿಸಿದ ವಿಷಯ ಏನಂದ್ರೆ, ಆ ಕಾಲದ ಎಷ್ಟೋ ಫ್ರಿಜ್‌ಗಳು ಮನೆಯ ಭಾಗವೇ ಆಗಿದ್ದವು. ಅಡುಗೆಮನೆಯಲ್ಲಿ ಪೆಟ್ಟಿಗೆ, ನೆಲಮಾಳಿಗೆಯಲ್ಲಿ ಮೋಟರು ಮತ್ತು ಕಂಪ್ರೆಸರ್, ನಡುವೆ ನೆಲ ಕೊರೆದು ಎಳೆದ ಕೊಳವೆ. ಅಪಾರ್ಟ್‌ಮೆಂಟುಗಳಲ್ಲಂತೂ ಕೆಳಗೆ ಒಂದೇ ದೊಡ್ಡ ಯಂತ್ರ, ಅಲ್ಲಿಂದ ಗೋಡೆಯೊಳಗೆ ಹೋಗುವ ಕೊಳವೆಗಳಿಂದ ಎಲ್ಲ ಮನೆಗಳ ಪೆಟ್ಟಿಗೆಗಳಿಗೂ ತಂಪು. ಇವತ್ತು ಮಾಡ್ಯುಲರ್ ಕಿಚನ್ ಅಂಗಡಿಯವರು 'ಬಿಲ್ಟ್-ಇನ್ ಫ್ರಿಜ್' ಅಂತ ಹೊಸ ಸಂಗತಿಯ ಥರ ತೋರಿಸ್ತಾರೆ. ಮನೆಗೆ ಬೆಸೆದುಕೊಂಡ ಫ್ರಿಜ್ ನೂರು ವರ್ಷ ಹಳೆಯದು.

ರಿಪೇರಿಯವನಿಗೆ ಈ ಯಂತ್ರ ಪೂರ್ತಿ ತೆರೆದ ಪುಸ್ತಕ. ಮೋಟರು ಹೊರಗೆ, ಕಂಪ್ರೆಸರ್ ಪಕ್ಕದಲ್ಲಿ, ಮಧ್ಯೆ ಬೆಲ್ಟು. ಬೆಲ್ಟ್ ಹರಿದರೆ ಬೆಲ್ಟ್ ಬದಲಿಸು, ವಾಲ್ವ್ ಕೆಟ್ಟರೆ ನಟ್ಟು ಬಿಚ್ಚಿ ವಾಲ್ವ್ ಹಾಕು. ಎಲ್ಲವೂ ಸ್ಪ್ಯಾನರಿಗೆ ಸಿಗುತ್ತಿತ್ತು. ತೊಂದರೆ ಇದ್ದದ್ದು ಒಂದೇ ಜಾಗದಲ್ಲಿ. ತಿರುಗುವ ದಂಡ ಹೊರಗಿನ ರಾಟೆಯಿಂದ ಕಂಪ್ರೆಸರ್ ಒಳಗೆ ಹೋಗಲೇಬೇಕು, ಅದು ಹೋಗುವ ತೂತಿಗೆ ಒಂದು ಸೀಲ್. ದಿನಕ್ಕೆ ಸಾವಿರಾರು ಸುತ್ತು ತಿರುಗುವ ದಂಡಕ್ಕೆ ಅಂಟಿಕೊಂಡ ಸೀಲ್ ಸವೆಯದೆ ಇರುತ್ತಾ? ಸವೆದಾಗ ಒಳಗಿದ್ದ ಗ್ಯಾಸ್ ಮನೆಯೊಳಕ್ಕೆ ಬರುತ್ತಿತ್ತು.

ಆ ಗ್ಯಾಸುಗಳಾದರೂ ಎಂಥವು! ಅಮೋನಿಯಾ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್. ಮೂರೂ ವಿಷ. ಇವುಗಳಲ್ಲಿ ಸಲ್ಫರ್ ಡೈಆಕ್ಸೈಡಿಗೆ ಒಂದು 'ಒಳ್ಳೇ' ಗುಣ ಇತ್ತು. ಸ್ವಲ್ಪ ಸೋರಿದರೂ ಮೂಗು, ಕಣ್ಣು ಉರಿದು ಮನೆಯವರೆಲ್ಲ ಬೀದಿಗೆ ಓಡುತ್ತಿದ್ದರು. ಮೆಕ್ಯಾನಿಕ್ ಒಂದು ಕಡ್ಡಿಗೆ ಅಮೋನಿಯಾದಲ್ಲಿ ಅದ್ದಿದ ಬಟ್ಟೆ ಸುತ್ತಿ ಕೊಳವೆಯ ಉದ್ದಕ್ಕೂ ಹಿಡಿಯುತ್ತಿದ್ದ, ಸೋರುವ ಜಾಗದಲ್ಲಿ ಬಿಳಿ ಹೊಗೆ ಏಳುತ್ತಿತ್ತು. ಮೀಥೈಲ್ ಕ್ಲೋರೈಡಿಗೆ ಈ ಸೌಜನ್ಯ ಇರಲಿಲ್ಲ. ಬಹಳ ಸಣ್ಣ ಸಿಹಿ ವಾಸನೆ, ನಿದ್ದೆಯಲ್ಲಿದ್ದವರಿಗೆ ಗೊತ್ತೇ ಆಗದು. 1929ರಲ್ಲಿ ಶಿಕಾಗೋದ ಅಪಾರ್ಟ್‌ಮೆಂಟುಗಳಲ್ಲಿ ಹೀಗೆ ಹಲವರು ಸತ್ತರು. ಹಾಲು ಕೆಡದಿರಲಿ ಅಂತ ತಂದಿಟ್ಟುಕೊಂಡ ಯಂತ್ರ ಮಲಗಿದ್ದವರ ಪ್ರಾಣ ತೆಗೆಯಿತು.

ಇಂಥದೇ ಒಂದು ಸಾವಿನ ಸುದ್ದಿ ಬರ್ಲಿನ್ನಿನಲ್ಲಿ ಒಬ್ಬರನ್ನು ಕಾಡಿತು. 1920ರ ದಶಕದ ಮಧ್ಯದಲ್ಲಿ, ಫ್ರಿಜ್ಜಿನ ಸೀಲ್ ಸೋರಿ ಮಕ್ಕಳೂ ಸೇರಿದಂತೆ ಒಂದು ಕುಟುಂಬವೇ ಸತ್ತ ವರದಿ ಪತ್ರಿಕೆಯಲ್ಲಿ ಬಂದಿತ್ತು. ಅದನ್ನು ಓದಿ ನೊಂದವರು ಆಲ್ಬರ್ಟ್ ಐನ್‌ಸ್ಟೈನ್. ಹೌದು, ಅವರೇ! ಜೊತೆಗೆ ಅವರ ಎಳೆಯ ಗೆಳೆಯ ಲಿಯೋ ಸಿಲಾರ್ಡ್, ಮುಂದೆ ಪರಮಾಣು ಸರಣಿ ಕ್ರಿಯೆಯ ಕಲ್ಪನೆ ಮಾಡಿದವರು. ಇಬ್ಬರೂ ಸೇರಿ ಫ್ರಿಜ್ ವಿನ್ಯಾಸ ಮಾಡಲು ಕೂತರು. ಅವರ ತರ್ಕ ನೋಡಿ: ಸೀಲ್ ಸೋರುವುದು ತಿರುಗುವ ದಂಡದಿಂದ, ಹಾಗಾದರೆ ತಿರುಗುವ ಭಾಗವೇ ಇಲ್ಲದ ಫ್ರಿಜ್ ಮಾಡೋಣ. ಸ್ವಿಸ್ ಪೇಟೆಂಟ್ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಐನ್‌ಸ್ಟೈನರಿಗೆ ಅರ್ಜಿ ಬರೆಯುವುದು ಹೊಸದೇನಲ್ಲ. ಹಲವು ದೇಶಗಳಲ್ಲಿ ಪೇಟೆಂಟ್ ಪಡೆದರು, ಅಮೆರಿಕದ್ದು ಸಿಕ್ಕಿದ್ದು 1930ರಲ್ಲಿ. ಒಂದು ವಿನ್ಯಾಸದಲ್ಲಿ ದ್ರವರೂಪದ ಲೋಹವನ್ನು ವಿದ್ಯುತ್ಕಾಂತದಿಂದ ತಳ್ಳಿ ಅದನ್ನೇ ಪಿಸ್ಟನ್ ಆಗಿ ಬಳಸುವ ಉಪಾಯ ಇತ್ತು. ಜರ್ಮನಿಯ ಎ.ಇ.ಜಿ. ಕಂಪನಿ ಅದರ ಮಾದರಿಯನ್ನು ಕಟ್ಟಿ ಓಡಿಸಿಯೂ ನೋಡಿತು. ಗಲಾಟೆ ವಿಪರೀತ ಇತ್ತಂತೆ. ಅಷ್ಟರಲ್ಲಿ ಆರ್ಥಿಕ ಕುಸಿತ, ಹಿಟ್ಲರ್, ಇಬ್ಬರೂ ದೇಶ ಬಿಟ್ಟರು. ಆ ಪಂಪಿನ ತತ್ವ ಮುಂದೆ ಅಣು ಸ್ಥಾವರಗಳಲ್ಲಿ ದ್ರವಲೋಹ ಹರಿಸಲು ಉಪಯೋಗಕ್ಕೆ ಬಂತು, ಅಡುಗೆಮನೆಗೆ ಬರಲಿಲ್ಲ.

ಬರಲಿಲ್ಲ ಯಾಕೆಂದರೆ ಅಷ್ಟರಲ್ಲಿ ಎರಡು ಬೇರೆ ಉತ್ತರಗಳು ಸಿಕ್ಕಿಬಿಟ್ಟಿದ್ದವು.

ಮೊದಲನೆಯದು ಬೆಸುಗೆ. 1927ರಲ್ಲಿ ಜನರಲ್ ಎಲೆಕ್ಟ್ರಿಕ್ (ಜಿ.ಇ.) ಕಂಪನಿಯ 'ಮಾನಿಟರ್ ಟಾಪ್' ಬಂತು, ವಿನ್ಯಾಸ ಕ್ರಿಶ್ಚಿಯನ್ ಸ್ಟೀನ್‌ಸ್ಟ್ರಪ್ ಅವರದು. ನೋಡಲು ಬಿಳಿ ಬೀರುವಿನ ತಲೆ ಮೇಲೆ ಒಂದು ದುಂಡನೆ ಡಬ್ಬ. ಅಮೆರಿಕದ ಅಂತರ್ಯುದ್ಧದ 'ಮಾನಿಟರ್' ಯುದ್ಧನೌಕೆಯ ತೋಪಿನ ಗೋಪುರದ ಹಾಗಿದೆ ಅಂತ ಜನ ಇಟ್ಟ ಹೆಸರು ಅದು. ಇದರಲ್ಲಿ ಮೋಟರು, ಕಂಪ್ರೆಸರ್ ಎರಡನ್ನೂ ಒಂದೇ ಉಕ್ಕಿನ ಡಬ್ಬದೊಳಗೆ ಹಾಕಿ ಬೆಸುಗೆ ಹಾಕಿಬಿಟ್ಟರು. ದಂಡ ಹೊರಗೇ ಬರುವುದಿಲ್ಲ ಅಂದಮೇಲೆ ಸೀಲ್ ಯಾಕೆ? ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾದವು. ಒಳಗಿದ್ದದ್ದು ಅದೇ ಸಲ್ಫರ್ ಡೈಆಕ್ಸೈಡೇ, ಆದರೆ ಬೆಸುಗೆಯ ಒಳಗೆ ಬಂದಿ. ಈಗಿನ ನಮ್ಮೆಲ್ಲರ ಫ್ರಿಜ್ಜಿನ ಕೆಳಗೆ ಕೂತಿರುವ ಕಪ್ಪು ಡಬ್ಬವೂ ಇದರ ಮರಿಮಗುವೇ.

ಪ್ರಾಣ ಉಳಿಸಿದ ಬದಲಾವಣೆ, ಅನುಮಾನವೇ ಇಲ್ಲ. ಆದರೆ ಮೆಕ್ಯಾನಿಕ್ ಕಣ್ಣಿನಿಂದ ಒಮ್ಮೆ ನೋಡಿ. ನಿನ್ನೆವರೆಗೆ ಬೆಲ್ಟ್, ವಾಲ್ವ್, ಪಿಸ್ಟನ್ ಎಲ್ಲ ಕೈಗೆ ಸಿಗುತ್ತಿತ್ತು. ಇವತ್ತು ಬಿಚ್ಚಲು ಒಂದು ನಟ್ಟೂ ಇಲ್ಲದ ಡಬ್ಬ. ಕೆಟ್ಟರೆ ತಲೆ ಮೇಲಿನ ಇಡೀ ಘಟಕವನ್ನೇ ಎತ್ತಿ ಇನ್ನೊಂದನ್ನು ಕೂರಿಸಬೇಕು. ನಾವು ಪ್ರೋಗ್ರಾಮಿಂಗಿನಲ್ಲಿ ಎನ್‌ಕ್ಯಾಪ್ಸುಲೇಶನ್ ಅಂತ ಹೆಮ್ಮೆಯಿಂದ ಹೇಳ್ತೀವಲ್ಲ, ಒಳಗೇನಿದೆ ಅಂತ ಹೊರಗಿನವನು ನೋಡಬೇಕಾಗಿಲ್ಲ ಅಂತ, ಥೇಟ್ ಅದೇ. ರಿಪೇರಿ ಅನ್ನೋ ಕಸುಬಿನೊಳಗೆ 'ಬದಲಾಯಿಸುವುದು' ಅನ್ನೋದು ದೊಡ್ಡದಾಗಿ ಕಾಲಿಟ್ಟದ್ದು ಇಲ್ಲಿಂದ.

ಎರಡನೇ ಉತ್ತರ ರಸಾಯನಶಾಸ್ತ್ರದ್ದು. ಜನರಲ್ ಮೋಟರ್ಸಿನಲ್ಲಿದ್ದ ಥಾಮಸ್ ಮಿಡ್‌ಗ್ಲಿ, ಸಹೋದ್ಯೋಗಿಗಳ ಜೊತೆ 1928ರಲ್ಲಿ ಹೊಸ ಗ್ಯಾಸೊಂದನ್ನು ಗುರುತಿಸಿದರು. ಇಂಗಾಲ, ಕ್ಲೋರಿನ್, ಫ್ಲೋರಿನ್ ಸೇರಿದ್ದು. ವಿಷ ಅಲ್ಲ, ಬೆಂಕಿ ಹತ್ತಲ್ಲ, ವಾಸನೆ ಇಲ್ಲ. 1930ರಲ್ಲಿ ಅಟ್ಲಾಂಟಾದ ವಿಜ್ಞಾನಿಗಳ ಸಭೆಯಲ್ಲಿ ಮಿಡ್‌ಗ್ಲಿ ಆ ಗ್ಯಾಸನ್ನು ಬಾಯಿ ತುಂಬ ಎಳೆದುಕೊಂಡು, ಉರಿಯುತ್ತಿದ್ದ ಮೇಣದಬತ್ತಿಯ ಮೇಲೆ ಊದಿ ಆರಿಸಿ ತೋರಿಸಿದರು. ವಿಷವೂ ಅಲ್ಲ, ಬೆಂಕಿಯೂ ಅಲ್ಲ ಅಂತ ಒಂದೇ ಉಸಿರಿನಲ್ಲಿ ಸಾಬೀತು! ಅದೇ ಫ್ರಿಯಾನ್, ಮೆಕ್ಯಾನಿಕ್ ಬಾಯಲ್ಲಿ ಆರ್-12. ಪೆಟ್ರೋಲಿಗೆ ಸೀಸ ಬೆರೆಸುವ ಉಪಾಯ ಕಂಡುಹಿಡಿದವರೂ ಇದೇ ಮಿಡ್‌ಗ್ಲಿ. ಒಬ್ಬನೇ ಮನುಷ್ಯ ಎರಡು ಸಲ ಇಡೀ ಜಗತ್ತಿನ ಗಾಳಿಗೆ ಕೈಹಾಕಿದ ಉದಾಹರಣೆ ಇನ್ನೊಂದು ಸಿಗಲಾರದು.

ಆರ್-12 ಬಂದಮೇಲೆ ರಿಪೇರಿಯ ರೀತಿಯೇ ಬೇರೆಯಾಯಿತು. ಸಲ್ಫರ್ ಡೈಆಕ್ಸೈಡ್ ಇದ್ದಾಗ ಮೆಕ್ಯಾನಿಕ್ ಕೊಳವೆಗೆ ಕೈಹಾಕುವ ಮುಂಚೆ ಹತ್ತು ಸಲ ಯೋಚಿಸುತ್ತಿದ್ದ. ಈಗ ಕೊಳವೆ ಕತ್ತರಿಸು, 'ಬುಸ್ಸ್' ಅಂತ ಬಿಡು, ಬೆಸುಗೆ ಹಾಕು, ಹೊಸದು ತುಂಬು. ಒಳಗೆ ಗಾಳಿ, ತೇವ ಇದೆ ಅನ್ನಿಸಿದರೆ ಅದೇ ಗ್ಯಾಸ್ ಹಾಯಿಸಿ ತೊಳೆ. ಸೋರುವ ಜಾಗ ಬೇಕಾದರೆ ಹ್ಯಾಲೈಡ್ ದೀಪ ಹಿಡಿ, ಗ್ಯಾಸ್ ತಾಕಿದರೆ ಜ್ವಾಲೆ ಹಸಿರಾಗುತ್ತೆ. ಕೋಣೆಯಲ್ಲಿದ್ದ ಯಾರಿಗೂ ಏನೂ ಆಗುತ್ತಿರಲಿಲ್ಲ. ಹಾಗಾಗಿ 'ಎಲ್ಲಿಗೆ ಹೋಯ್ತು' ಅಂತ ಕೇಳುವ ಅಗತ್ಯವೇ ಯಾರಿಗೂ ಕಾಣಲಿಲ್ಲ. ನಾವು ಇವತ್ತಿಗೂ ಕೇಳದಿರುವುದು ಆ ಕಾಲದ ಅಭ್ಯಾಸ ಅಂತ ನನ್ನ ಅನುಮಾನ.

ನಮ್ಮಲ್ಲಿ ಫ್ರಿಜ್ ತಯಾರಿಕೆ ಶುರುವಾದದ್ದೂ ಈ ನಿಶ್ಚಿಂತೆಯ ಕಾಲದಲ್ಲೇ. 1958ರಲ್ಲಿ ಗೋದ್ರೆಜ್ ಮೊದಲ ಭಾರತೀಯ ಫ್ರಿಜ್ ತಂದಿತು. ಆಮೇಲೆ ಹೈದರಾಬಾದಿನ ಆಲ್ವಿನ್, ಪೆಂಗ್ವಿನ್ ಚಿತ್ರದ ಕೆಲ್ವಿನೇಟರ್. ಒಂದು ಬೀದಿಗೆ ಒಂದು ಫ್ರಿಜ್ ಇದ್ದ ದಿನಗಳು, ಪಕ್ಕದ ಮನೆಯವರು ಐಸಿಗೆ ಪಾತ್ರೆ ಹಿಡಿದು ಬರುತ್ತಿದ್ದ ಕತೆ ಅಮ್ಮ ಈಗಲೂ ಹೇಳ್ತಾಳೆ. ಅಷ್ಟು ದುಬಾರಿ ವಸ್ತು ಕೆಟ್ಟರೆ ಬಿಸಾಡುವ ಮಾತೇ ಇಲ್ಲ. ಹಾಗಾಗಿ ಜಿ.ಇ.ಯವರು ಬಿಚ್ಚಬಾರದು ಅಂತ ಬೆಸೆದ ಡಬ್ಬವನ್ನೂ ನಮ್ಮ ಗಲ್ಲಿಗಳ ಕಾರ್ಖಾನೆಗಳಲ್ಲಿ ಕೊಯ್ದು ತೆಗೆದರು! ಒಳಗೆ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿ, ಡಬ್ಬ ಮತ್ತೆ ಬೆಸೆದು, ಬಣ್ಣ ಹೊಡೆದು ಕೊಟ್ಟರು. ಇದು ಜಾಣತನವೇ ಸರಿ. ಆದರೆ ಅಂಥ ಪ್ರತಿ ರಿಪೇರಿಯಲ್ಲೂ ಒಂದು ಫ್ರಿಜ್ಜಿನಷ್ಟು ಆರ್-12 ಕಿಟಕಿಯಿಂದ ಆಚೆ ಹೋಯಿತು.

ಕಿಟಕಿಯಿಂದಾಚೆ ಎಲ್ಲಿಗೆ? ಉತ್ತರ ಬಂದದ್ದು 1974ರಲ್ಲಿ. ಮಾರಿಯೋ ಮೊಲಿನಾ, ಶೆರ್ವುಡ್ ರೋಲ್ಯಾಂಡ್ ಎಂಬ ಇಬ್ಬರು ವಿಜ್ಞಾನಿಗಳು 'ನೇಚರ್' ಪತ್ರಿಕೆಯಲ್ಲಿ ಬರೆದರು. ಯಾವುದರ ಜೊತೆಗೂ ಸೇರದ ಈ ಗ್ಯಾಸ್, ಸೇರದ ಕಾರಣಕ್ಕೇ ನಾಶವಾಗದೆ ಮೇಲೇರುತ್ತೆ. ಬಹಳ ಎತ್ತರದಲ್ಲಿ ಸೂರ್ಯನ ನೇರಳಾತೀತ ಕಿರಣ ತಾಗಿ ಒಡೆದು ಕ್ಲೋರಿನ್ ಬಿಡುತ್ತೆ, ಆ ಕ್ಲೋರಿನ್ ಓಝೋನನ್ನು ತಿನ್ನುತ್ತೆ. ಮಿಡ್‌ಗ್ಲಿ ಮೆರೆಸಿದ ಗುಣವೇ ಇಲ್ಲಿ ಅಪಾಯವಾಯಿತು. 1985ರಲ್ಲಿ ಬ್ರಿಟಿಷ್ ಅಂಟಾರ್ಕ್ಟಿಕ್ ಸಮೀಕ್ಷೆಯವರು ದಕ್ಷಿಣ ಧ್ರುವದ ಮೇಲೆ ಓಝೋನ್ ತೀರಾ ತೆಳುವಾಗಿದೆ ಅಂತ ಅಳತೆ ಸಮೇತ ತೋರಿಸಿದರು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದ. ಮೊಲಿನಾ, ರೋಲ್ಯಾಂಡ್ ಇಬ್ಬರಿಗೂ, ಪಾಲ್ ಕ್ರುಟ್ಸನ್ ಜೊತೆಗೆ, 1995ರ ನೊಬೆಲ್ ಸಿಕ್ಕಿತು.

ಈ ಕತೆಯನ್ನು ಸಾಮಾನ್ಯವಾಗಿ ವಿಜ್ಞಾನಿಗಳು ಮತ್ತು ಸರ್ಕಾರಗಳ ಗೆಲುವು ಅಂತ ಹೇಳ್ತಾರೆ. ಸರಿಯೇ. ಆದರೆ ಸಹಿ ಹಾಕಿದ ಕಾಗದ ಹೋಗಿ ಮುಟ್ಟಬೇಕಾದದ್ದು ಸೈಕಲ್ಲಿಗೆ ಸಿಲಿಂಡರ್ ಕಟ್ಟಿಕೊಂಡು ಮನೆಮನೆಗೆ ಹೋಗುವ ಮೆಕ್ಯಾನಿಕ್ಕಿಗೆ. ಅಮೆರಿಕದಲ್ಲಿ 1992ರ ಜುಲೈನಿಂದ ಗ್ಯಾಸನ್ನು ಬೇಕಂತಲೇ ಗಾಳಿಗೆ ಬಿಡುವುದು ಅಪರಾಧವಾಯಿತು. ಭಾರತ ಅದೇ 1992ರಲ್ಲಿ ಒಪ್ಪಂದ ಸೇರಿತು. ಇಲ್ಲಿ 1990ರ ದಶಕದ ಕೊನೆಯಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಜರ್ಮನಿಯ ನೆರವಿನಿಂದ 'ಹೈಡೆಕಾರ್' ಎಂಬ ಯೋಜನೆ ನಡೆಯಿತು. ಸಣ್ಣ ರಿಪೇರಿ ಅಂಗಡಿಗಳ ಮೆಕ್ಯಾನಿಕ್‌ಗಳಿಗೆ ಗ್ಯಾಸ್ ಬಿಡದೆ ಹಿಡಿಯುವುದು, ಹೊಸ ಗ್ಯಾಸುಗಳ ಜೊತೆ ಕೆಲಸ ಮಾಡುವುದು ಕಲಿಸುವ ಯೋಜನೆ. ಮುಂದೆ ರಾಷ್ಟ್ರೀಯ ಯೋಜನೆಯಡಿ ಇದು ಇನ್ನೂ ಹಬ್ಬಿತು. 2008ರ ಆಗಸ್ಟ್ 1ರಿಂದ ಭಾರತ, ಆಸ್ತಮಾ ಇನ್‌ಹೇಲರಿನಂಥ ಔಷಧಿಯ ಬಳಕೆ ಬಿಟ್ಟು, ಸಿ.ಎಫ್.ಸಿ. ತಯಾರಿಕೆ ನಿಲ್ಲಿಸಿತು. ಗಡುವು ಇದ್ದದ್ದು 2010ರ ಜನವರಿಗೆ, ಹದಿನೇಳು ತಿಂಗಳು ಮುಂಚೆಯೇ ಮುಗಿಸಿದೆವು. ನಾವು ಯಾವುದನ್ನಾದರೂ ಡೆಡ್‌ಲೈನಿಗೆ ಮುಂಚೆ ಮುಗಿಸಿದ್ದು ಇದೆಯಾ ಅಂತ ಯಾರಾದರೂ ಕೇಳಿದರೆ ಇದನ್ನು ಹೇಳಿ :)

ಆರ್-12 ಜಾಗಕ್ಕೆ ಬಂದದ್ದು ಆರ್-134ಎ. ಓಝೋನಿಗೆ ತೊಂದರೆ ಇಲ್ಲ, ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದೂ ಕಮ್ಮಿ ಇಲ್ಲ. ನೂರು ವರ್ಷದ ಲೆಕ್ಕದಲ್ಲಿ ಒಂದು ಕಿಲೋ ಆರ್-134ಎ ಸುಮಾರು 1,430 ಕಿಲೋ ಕಾರ್ಬನ್ ಡೈಆಕ್ಸೈಡಿಗೆ ಸಮ. ನಿಮ್ಮ ಫ್ರಿಜ್ಜಿನಲ್ಲಿ ಬರೀ 100 ಗ್ರಾಂ ಇದ್ದು ಅದು ಪೂರ್ತಿ ಹೋಯಿತು ಅಂದ್ರೆ 143 ಕಿಲೋ ಬಿಟ್ಟ ಹಾಗೆ. ಅದಕ್ಕೇ 2016ರಲ್ಲಿ ಕಿಗಾಲಿಯಲ್ಲಿ ಇಂಥ ಗ್ಯಾಸುಗಳನ್ನೂ ಇಳಿಸುವ ಒಪ್ಪಂದ ಆಯಿತು. ಭಾರತ 2021ರಲ್ಲಿ ಅನುಮೋದಿಸಿತು, 2047ರ ಹೊತ್ತಿಗೆ 85 ಶೇಕಡಾ ಇಳಿಸಬೇಕು.

ಮನೆ ಫ್ರಿಜ್ ಮಟ್ಟಿಗೆ ಉತ್ತರ ಮೊದಲೇ ಸಿಕ್ಕಿತ್ತು. 1993ರಲ್ಲಿ ಪೂರ್ವ ಜರ್ಮನಿಯ ಮುಚ್ಚಿಹೋಗುವುದರಲ್ಲಿದ್ದ ಒಂದು ಕಾರ್ಖಾನೆ, ಗ್ರೀನ್‌ಪೀಸ್ ಜೊತೆ ಸೇರಿ 'ಗ್ರೀನ್‌ಫ್ರೀಜ್' ಅನ್ನೋ ಫ್ರಿಜ್ ತಂದಿತು. ಒಳಗಿದ್ದದ್ದು ಪ್ರೊಪೇನ್ ಮತ್ತು ಐಸೋಬ್ಯುಟೇನ್, ಅಂದರೆ ನಮ್ಮ ಅಡುಗೆ ಗ್ಯಾಸಿನ ನೆಂಟರು. ಈಗ ಅಂಗಡಿಯಲ್ಲಿ ಹೊಸ ಫ್ರಿಜ್ ಕೊಂಡರೆ ಹಿಂದಿನ ಚೀಟಿಯಲ್ಲಿ 'ಆರ್-600ಎ' ಅಂತ ಇರುವ ಸಾಧ್ಯತೆಯೇ ಹೆಚ್ಚು, ಅದು ಐಸೋಬ್ಯುಟೇನ್. ಒಳಗೆ 50 ಗ್ರಾಂ ಆಸುಪಾಸು ಇರುತ್ತೆ ಅಷ್ಟೆ, ಸೋರಿದರೂ ಆಕಾಶಕ್ಕೆ ಹಾನಿ ಇಲ್ಲವೆನ್ನುವಷ್ಟು ಕಮ್ಮಿ. ಆದರೆ ಬೆಂಕಿ ಹತ್ತುತ್ತೆ. ಮೆಕ್ಯಾನಿಕ್ ಹಳೇ ಅಭ್ಯಾಸದಲ್ಲಿ ಗ್ಯಾಸ್ ಪೂರ್ತಿ ತೆಗೆಯದೆ ಬೆಸುಗೆಯ ಬೆಂಕಿ ಹಿಡಿದರೆ ಅಪಾಯ ಅವನಿಗೇ. ಸುತ್ತು ಬಂದು ನೋಡಿ: 1920ರ ದಶಕದಲ್ಲಿ ಅಪಾಯ ಮನೆಯವರಿಗಿತ್ತು, ಆಮೇಲೆ ಆಕಾಶಕ್ಕೆ ಹೋಯಿತು, ಈಗ ಒಂದು ಪಾಲು ರಿಪೇರಿ ಮಾಡುವವನ ಕೈಗೆ ಬಂದಿದೆ.

ಈಗ ಮತ್ತೆ ಗೋಡೆಗೆ ಬರೋಣ. ಮಾನಿಟರ್ ಟಾಪ್ ಕಾಲದಿಂದ ಫ್ರಿಜ್ ಗೋಡೆಯಿಂದ ಬಿಡಿಸಿಕೊಂಡು ಒಂಟಿಯಾಗಿ ನಿಂತಿತ್ತು. ಅದನ್ನು ವಾಪಸ್ ಗೋಡೆಗೆ ಸೇರಿಸಿದವರಲ್ಲಿ ಮುಖ್ಯರು ಅಮೆರಿಕದ ಮ್ಯಾಡಿಸನ್ ಊರಿನ ವೆಸ್ಟಿ ಬಾಕಿ, 1945ರಲ್ಲಿ ಸಬ್-ಝೀರೋ ಕಂಪನಿ ಶುರುಮಾಡಿದವರು. 1950ರ ದಶಕದಲ್ಲಿ ಈ ಕಂಪನಿ ಕಪಾಟುಗಳ ಸಾಲಿನಲ್ಲೇ ಅಡಗುವ ಫ್ರಿಜ್ ತಂದಿತು. ಯುರೋಪಿನಲ್ಲಿ ಅಡುಗೆಮನೆಯ ಕಪಾಟಿಗೆ 60 ಸೆಂಟಿಮೀಟರ್ ಅಗಲದ ಲೆಕ್ಕ ಬಂದಮೇಲೆ ಆ ಗೂಡಿಗೆ ಸರಿಯಾಗಿ ಕೂರುವ ಫ್ರಿಜ್‌ಗಳು ಸಾಮಾನ್ಯವಾದವು. ಗೋಡೆಗೆ ಸೇರಿದ ಫ್ರಿಜ್ಜಿಗೆ ಹಿಂದೆ ಜಾಗ ಇಲ್ಲ, ಶಾಖ ಬಿಡುವುದೆಲ್ಲಿ? ಅದಕ್ಕೆ ಅಮೆರಿಕದವರು ಯಂತ್ರವನ್ನು ತಲೆ ಮೇಲಿಟ್ಟು ಮುಂದೆ ಜಾಲರಿ ಕೊಟ್ಟರು, ಯುರೋಪಿನವರು ಕೆಳಗಿನಿಂದ ಗಾಳಿ ಹೊಕ್ಕು ಹಿಂದಿನಿಂದ ಮೇಲೇರಿ ಹೋಗುವ ದಾರಿ ಮಾಡಿದರು. ಈ ಗಾಳಿಯ ದಾರಿ ಮುಚ್ಚಿದರೆ ಕಂಪ್ರೆಸರ್ ನಿಲ್ಲದೆ ಓಡುತ್ತೆ, ಒಳಗೆ ಮಾತ್ರ ತಂಪಾಗಲ್ಲ.

ನಾನಿರುವ ಬಾಡಿಗೆ ಮನೆಯಲ್ಲೂ ಇಂಥದೇ ಒಂದು ಇದೆ. ಹೋದ ಬೇಸಿಗೆಯಲ್ಲಿ ತಂಪಾಗುವುದು ನಿಂತಿತು. ಕಂಪನಿಯ ಸರ್ವಿಸಿನಿಂದ ಬಂದವರು ಐದು ನಿಮಿಷ ನೋಡಿ ಅದೇ ಮಾತು ಹೇಳಿದರು, ಗ್ಯಾಸ್ ಹೋಗಿದೆ, ಕೊಳವೆಯೆಲ್ಲ ಫೋಮ್ ಒಳಗಿದೆ, ಹೊಸದೇ ತಗೊಳ್ಳಿ. ಹೊಸದು ತಗೊಂಡರೆ ಆ ಗೂಡಿಗೆ ಕೂರುವ ಅಳತೆಯದ್ದೇ ಆಗಬೇಕು, ಇಲ್ಲದಿದ್ದರೆ ಕಪಾಟು ಒಡೆಯಬೇಕು. ಓನರ್ ಅಂಕಲ್ ತಮಗೆ ಗೊತ್ತಿರುವ ಹಳೇ ಮೆಕ್ಯಾನಿಕ್ ಒಬ್ಬರನ್ನು ಕಳಿಸಿದರು. ಅರವತ್ತರ ಆಸುಪಾಸು, ಮೂವತ್ತೈದು ವರ್ಷದ ಅನುಭವ. ಅವರು ಗೇಜ್ ಹೊರಗೇ ತೆಗೆಯಲಿಲ್ಲ. ಮೊದಲು ಬಾಗಿಲ ರಬ್ಬರಿಗೆ ಒಂದು ಕಾಗದ ಸಿಕ್ಕಿಸಿ ಎಳೆದು ನೋಡಿದರು. ಆಮೇಲೆ ನೆಲದ ಮೇಲೆ ಮಲಗಿ ಕೆಳಗೆ ಟಾರ್ಚ್ ಬಿಟ್ಟರು.

"ಕಾರ್ಪೆಂಟರ್ ಇಲ್ಲಿ ಪಟ್ಟಿ ಹೊಡ್ದುಬಿಟ್ಟಿದಾನೆ ಸಾರ್. ಉಸಿರಾಡೋಕೆ ಜಾಗ ಇಲ್ಲ ಇದಕ್ಕೆ."

"ಗ್ಯಾಸ್ ಹೋಗಿದೆ ಅಂದ್ರಲ್ಲ ಅವರು?"

"ಗ್ಯಾಸ್ ಹೋಗಿದ್ರೆ ಇಷ್ಟು ಬಿಸಿ ಬರ್ತಿತ್ತಾ? ಎಲ್ಲಾ ಒಳಗೇ ಇದೆ."

ಪಟ್ಟಿ ಕೊಯ್ದು ಜಾಲರಿ ಹಾಕಿಸಿ, ಹಿಂದೆ ತುಂಬಿದ್ದ ಧೂಳು ತೆಗೆದರು. ಸಂಜೆಗೆ ತಂಪಾಗಿತ್ತು. ಆರ್-12 ಕಾಲದ ಬಗ್ಗೆ ಕೇಳಿದೆ. "ಆಗ ನಾವು ಎಷ್ಟು ಬಿಟ್ಟಿದೀವೋ ಲೆಕ್ಕ ಇಲ್ಲ ಸಾರ್, ಯಾರೂ ಹೇಳಿರ್ಲಿಲ್ಲ. ಟ್ರೇನಿಂಗಿಗೆ ಕರೆದಮೇಲೇನೇ ಗೊತ್ತಾಗಿದ್ದು" ಅಂದರು. ಅವರು ತಗೊಂಡದ್ದು ಐನೂರು ರೂಪಾಯಿ.

ಅವರು ಹೇಳಿದ ಇನ್ನೊಂದು ಮಾತು ಫೋಮ್ ಬಗ್ಗೆ. ಹಳೇ ಫ್ರಿಜ್‌ಗಳಲ್ಲಿ ಗೋಡೆಗೆ ಗ್ಲಾಸ್ ವುಲ್ ತುಂಬುತ್ತಿದ್ದರು, ಬಿಚ್ಚಿ ಒಳಗೆ ಹೋಗಬಹುದಿತ್ತು. ಈಗ ಪಾಲಿಯುರೆಥೇನ್ ಫೋಮ್, ಕೊಳವೆಗಳ ಸುತ್ತ ಗಟ್ಟಿಯಾಗಿ ಕೂತುಬಿಡುತ್ತೆ. ಕಮ್ಮಿ ದಪ್ಪದಲ್ಲಿ ಹೆಚ್ಚು ತಂಪು ಹಿಡಿಯುತ್ತೆ, ಕರೆಂಟು ಉಳಿಯುತ್ತೆ. ಆದರೆ ಫೋಮ್ ಒಳಗಿನ ಕೊಳವೆ ಸೋರಿದರೆ ನೇರವಾಗಿ ಮುಟ್ಟುವ ದಾರಿ ಇಲ್ಲ. ಮಾನಿಟರ್ ಟಾಪ್ ಕಂಪ್ರೆಸರನ್ನು ಮುಚ್ಚಿತು, ಫೋಮ್ ಕೊಳವೆಗಳನ್ನು ಮುಚ್ಚಿತು, ಈಗ ಎಲೆಕ್ಟ್ರಾನಿಕ್ ಬೋರ್ಡು ಬಂದು ಥರ್ಮೋಸ್ಟಾಟನ್ನೂ ಮುಚ್ಚಿದೆ.

ಎಲ್ಲ ಮುಚ್ಚುವುದು ತಪ್ಪು ಅಂತ ನಾನು ಹೇಳಲಾರೆ. ಶಿಕಾಗೋದ ಆ ಮನೆಗಳನ್ನು ನೆನೆಸಿಕೊಂಡರೆ ಬೆಸುಗೆ ಹಾಕಿದವರಿಗೆ ಕೈಮುಗಿಯಬೇಕು. ಆದರೆ ಮುಚ್ಚಿದ್ದು ಕೂಡ ಒಂದು ದಿನ ಕೆಡುತ್ತೆ, ಆವಾಗ ತೆರೆಯಬಲ್ಲ ಒಬ್ಬ ಮನುಷ್ಯ ಬೇಕು, ಅವನಿಗೆ ಬಿಡಿಭಾಗವೂ ತಿಳಿವಳಿಕೆಯೂ ಸಿಗಬೇಕು. ಯುರೋಪಿನಲ್ಲಿ 2021ರ ಮಾರ್ಚಿನಿಂದ ಫ್ರಿಜ್ ತಯಾರಕರು ಥರ್ಮೋಸ್ಟಾಟ್, ಸೆನ್ಸರ್, ಬೋರ್ಡ್, ದೀಪಗಳನ್ನು ಆ ಮಾಡೆಲ್ ಮಾರಾಟ ನಿಂತಮೇಲೂ ಕನಿಷ್ಠ 7 ವರ್ಷ ರಿಪೇರಿಯವರಿಗೆ ಕೊಡಬೇಕು, ಬಾಗಿಲ ರಬ್ಬರನ್ನು 10 ವರ್ಷ. ಕಂಪ್ರೆಸರ್ ಆ ಪಟ್ಟಿಯಲ್ಲಿಲ್ಲ ಅನ್ನೋದು ಗಮನಿಸಬೇಕಾದ ವಿಷಯ. ಭಾರತದಲ್ಲೂ 2022ರ ಡಿಸೆಂಬರಿನಲ್ಲಿ ಸರ್ಕಾರ 'ರೈಟ್ ಟು ರಿಪೇರ್' ಜಾಲತಾಣ ತೆರೆಯಿತು. ತಯಾರಕರ ಸರ್ವಿಸ್, ಬಿಡಿಭಾಗದ ಮಾಹಿತಿ ಒಂದೇ ಕಡೆ ಸಿಗಲಿ ಅಂತ. ಇನ್ನೂ ದೂರ ಹೋಗಬೇಕಿದೆ.

ಸರ್ಕಾರ, ಕಂಪನಿಗಳ ಮಾತು ಅಲ್ಲಿರಲಿ. ನಾವು ಮಾಡಬಹುದಾದ್ದೂ ಒಂದಿದೆ. ಮುಂದಿನ ಸಲ ಯಾರಾದರೂ ಗ್ಯಾಸ್ ಹೋಗಿದೆ ಅಂದರೆ ಮೂರು ಪ್ರಶ್ನೆ ಕೇಳಿ. ಎಲ್ಲಿ ಸೋರಿದೆ, ತೋರಿಸ್ತೀರಾ? ಒಳಗೆ ಉಳಿದಿರುವ ಗ್ಯಾಸ್ ಏನು ಮಾಡ್ತೀರಾ? ತುಂಬಿಸುವ ಮುಂಚೆ ವ್ಯಾಕ್ಯೂಮ್ ಪಂಪ್ ಹಾಕ್ತೀರಾ, ಫಿಲ್ಟರ್ ಬದಲಿಸ್ತೀರಾ? (ಒಳಗೆ ಚೂರು ತೇವ ಉಳಿದರೂ ಕ್ಯಾಪಿಲರಿಯ ಬಾಯಲ್ಲಿ ಐಸ್ ಕಟ್ಟಿ ಎಲ್ಲ ನಿಲ್ಲುತ್ತೆ.) ಕೆಲಸ ಗೊತ್ತಿರುವವರು ಖುಷಿಯಿಂದ ಉತ್ತರ ಹೇಳ್ತಾರೆ, ಮತ್ತು ಅವರು ಈ ಕೆಲಸಕ್ಕೆ ನೂರು ರೂಪಾಯಿ ಜಾಸ್ತಿ ಕೇಳಿದರೆ ಚೌಕಾಸಿ ಮಾಡಬೇಡಿ. ಸೋರುವ ಜಾಗ ಹುಡುಕಲು ಒಂದು ಗಂಟೆ ಹಿಡಿಯುತ್ತೆ, ತುಂಬಿಸಿ ಹೋಗಲು ಹತ್ತು ನಿಮಿಷ. ನಾವು ಹತ್ತು ನಿಮಿಷದ ದುಡ್ಡಷ್ಟೇ ಕೊಡ್ತೀವಿ ಅಂದರೆ ಅವರು ಹತ್ತು ನಿಮಿಷದ ಕೆಲಸವನ್ನೇ ಮಾಡ್ತಾರೆ.

ಅಂದಹಾಗೆ, ಫ್ರಿಜ್ಜಿಗೆ ಕನ್ನಡದಲ್ಲಿ 'ತಂಗಳು ಪೆಟ್ಟಿಗೆ' ಅಂತ ಯಾರೋ ತಮಾಷೆಗೆ ಇಟ್ಟ ಹೆಸರು ನನಗೆ ಬಹಳ ಇಷ್ಟ. ನಿಮ್ಮ ಮನೆಯ ತಂಗಳು ಪೆಟ್ಟಿಗೆ ಯಾವ ಕಾಲದ್ದು? ಆರ್-12ರದ್ದು ಇನ್ನೂ ಓಡುತ್ತಿರುವವರು ಯಾರಾದರೂ ಇದ್ದೀರಾ? ಇದ್ದರೆ ಹೇಳಿ, ಕೇಳುವ ಕುತೂಹಲ ಇದೆ.